ಮಲೆನಾಡಿನ ಮಳೆ, ಕರೆಂಟು, ಕಂಪ್ಯೂಟರು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಕ್ಯಾಲೆಂಡರ್ ಬೇಡ. ಬರುವ ಪ್ರಶ್ನೆ ಕೇಳಿದರೆ ಯಾವ ಮಳೆ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ರೋಹಿಣಿಗೆ ಸಿಡಿಲು ಬಡಿದ ಮದರ್‌ಬೋರ್ಡುಗಳು. ಆರಿದ್ರಾ, ಪುನರ್ವಸು ಹೊತ್ತಿಗೆ ತಂಡಿ ಹಿಡಿದು ಆನ್ ಆಗದ ಸಿಸ್ಟಮ್ಮುಗಳು, ಜೊತೆಗೆ ಕಾಲೇಜಿಗೆ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಹುಡುಕುವವರು. ಅಡಿಕೆ ದುಡ್ಡು ಕೈಗೆ ಬಂದಮೇಲೆ ಹೊಸ ಸಿಸ್ಟಮ್ ಅಸೆಂಬಲ್ ಮಾಡಿಸುವವರು. ಫೋನಿನಲ್ಲಿ ಅದೇ ಉತ್ತರ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ. ಬಯಲುಸೀಮೆಯವರಿಗೆ ಇದರಲ್ಲಿ ಅರ್ಧ ಬೇಕಾಗಲಿಕ್ಕಿಲ್ಲ.

ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಬೇಕು. ದುಡ್ಡು ಮೊದಲು ಯಾವುದಕ್ಕೆ ಹಾಕಲಿ?

ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ನಾನು ಗೋಡೆಯ ಸಾಕೆಟ್‌ನಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಸಿಸ್ಟಮ್ ಹಳೆಯದಾಗಿ ಸಾಯುವುದು ಕಮ್ಮಿ. ಕರೆಂಟಿಗೆ ಸಿಕ್ಕಿಯೋ ತಂಡಿಗೆ ಸಿಕ್ಕಿಯೋ ಸಾಯುವುದೇ ಜಾಸ್ತಿ.

ಮೊದಲು ಅರ್ಥಿಂಗ್ ನೋಡಿ. ಕ್ಯಾಬಿನೆಟ್‌ನ ತಗಡು ಮುಟ್ಟಿದಾಗ ಬೆರಳು ಜುಮ್ ಅನ್ನುತ್ತದೆ ಅಲ್ವಾ? ತುಂಬಾ ಜನ ಅದು ಮಾಮೂಲು ಅಂದುಕೊಂಡಿದ್ದಾರೆ. ಮಾಮೂಲು ಅಲ್ಲ. ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ, ಅಥವಾ ಇದ್ದೂ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಇರುವ ದುಬಾರಿ ಸ್ಪೈಕ್ ಬಸ್ಟರ್ ಹಾಕಿದರೂ ಅರ್ಧ ಕೆಲಸ ಮಾತ್ರ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ, ಆಮೇಲೆ ಪಾರ್ಟ್‌ಗಳ ಮಾತು.

ಎರಡನೆಯದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಪಾರ್ಟ್‌ಗಳಿಗೆ ಬೇಕಾದ ಹಾಗೆ ಇಳಿಸಿಕೊಡುವ ಪೆಟ್ಟಿಗೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅದು ಹೊಡೆದು ಹೋಗುವಾಗ ಒಂದೇ ಹೋಗುವುದಿಲ್ಲ, ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್ಮಿಗೆ 80 ಪ್ಲಸ್ ಅನ್ನುವ ದಕ್ಷತೆಯ ಗುರುತಿರುವ, ಹೆಸರಿರುವ ಕಂಪನಿಯ 450 ವ್ಯಾಟ್‌ನದು ಧಾರಾಳ. ಮೂರನೆಯದು ಯುಪಿಎಸ್, ಕರೆಂಟ್ ಹೋದಾಗ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ. ಇಷ್ಟಾದ ಮೇಲೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಜಾಗಕ್ಕೆ ಬರುವ ವೇಗದ ಡಿಸ್ಕ್), ಆಮೇಲೆ ರ‍್ಯಾಮ್, ಕೊನೆಗೆ ಉಳಿದ ದುಡ್ಡಲ್ಲಿ ಪ್ರೊಸೆಸರ್. ಟ್ಯಾಲಿ, ಎಕ್ಸೆಲ್, ಯೂಟ್ಯೂಬ್, ಮಕ್ಕಳ ಪ್ರಾಜೆಕ್ಟ್, ಇಷ್ಟಕ್ಕೆ ಯಾವ ಹೊಸ ಪ್ರೊಸೆಸರ್ ಆದರೂ ಸಾಕು.

ಇಂಟೆಲ್ ಒಳ್ಳೆಯದಾ, ಎಎಂಡಿ ಒಳ್ಳೆಯದಾ?

ಎರಡೂ ಒಳ್ಳೆಯವೇ. ಹೆಸರಿನ ಕೊನೆಯ ಅಕ್ಷರ ನೋಡಿ, ಅದು ಮುಖ್ಯ. ಇಂಟೆಲ್‌ನಲ್ಲಿ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ5-12400ಎಫ್, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಮೇಲೆ ಏನೂ ಬರುವುದಿಲ್ಲ. ಎಎಂಡಿಯ ರೈಝೆನ್ 5600ರದ್ದೂ ಅದೇ ಕಥೆ, ಗ್ರಾಫಿಕ್ಸ್ ಬೇಕಿದ್ದರೆ 5600ಜಿ ತಗೊಳ್ಳಬೇಕು. ಸ್ವಲ್ಪ ಅಗ್ಗ ಅಂತ ‘ಎಫ್’ ತರಿಸಿಕೊಂಡು, "ಮಾನಿಟರ್ ಕೆಟ್ಟಿದೆ ಮಾರಾಯ್ರೆ" ಅಂತ ಮಾನಿಟರ್ ಹೊತ್ತುಕೊಂಡು ಬಂದವರು ಇದ್ದಾರೆ.

ಹಳೇ ಸಿಸ್ಟಮ್ಮಿಗೆ ರ‍್ಯಾಮ್ ಜಾಸ್ತಿ ಮಾಡಿಸಲಾ, ಎಸ್‌ಎಸ್‌ಡಿ ಹಾಕಿಸಲಾ?

ಹಾರ್ಡ್ ಡಿಸ್ಕ್ ಇದ್ದರೆ ಕಣ್ಣು ಮುಚ್ಚಿ ಎಸ್‌ಎಸ್‌ಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ ಓದುತ್ತದೆ, ಹಳೇ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ನೂರರ ಆಸುಪಾಸಿನಲ್ಲಿ ಒದ್ದಾಡುತ್ತಿರುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಆನ್ ಆಗುತ್ತಿದ್ದದ್ದು, ಲೋಟ ಎತ್ತುವಷ್ಟರಲ್ಲಿ ಆನ್ ಆಗುತ್ತದೆ.

ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಂ.2 ಎಸ್‌ಎಸ್‌ಡಿ ತರುವಾಗ ಒಂದು ಎಚ್ಚರ. ನೋಡಲು ಒಂದೇ ಥರ ಇದ್ದರೂ ಅದರಲ್ಲಿ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ. ನಿಮ್ಮ ಬೋರ್ಡು ಯಾವುದನ್ನು ಒಪ್ಪುತ್ತದೆ ಅಂತ ಮೊದಲೇ ಕೇಳಿ. ರ‍್ಯಾಮ್‌ನಲ್ಲೂ ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋಗಬೇಡಿ.

ರ‍್ಯಾಮ್ ಬೆಲೆ ಕೇಳಿ ಗಾಬರಿಯಾಗಬೇಡಿ. 2025ರ ಕೊನೆಯಲ್ಲಿ ಎಐ ಸರ್ವರ್‌ಗಳ ಬೇಡಿಕೆಯಿಂದ ಎಲ್ಲ ಕಡೆ ಏರಿತು. ಅಂಗಡಿಯವನು ನಿಮಗೊಬ್ಬರಿಗೆ ಜಾಸ್ತಿ ಹೇಳುತ್ತಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ. ಕಂಪ್ಯೂಟರಿಗೆ ಬೇರೆ ಯುಪಿಎಸ್ ಯಾಕೆ?

ಇನ್ವರ್ಟರ್ ಬೆನ್ನು ನೋಡಿ. ತುಂಬಾ ಇನ್ವರ್ಟರ್‌ಗಳಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇನ್ವರ್ಟರ್ ಅಥವಾ ಎಕೋ ಅಂತ ಬರೆದಿರುತ್ತದೆ. ಯುಪಿಎಸ್ ಕಡೆ ಇದ್ದರೆ ಕರೆಂಟ್ ಹೋದ ಕೂಡಲೇ ಬೇಗ ಬದಲಾಗುತ್ತದೆ, ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ತೊಂದರೆ ಏನೆಂದರೆ, ಆ ಕಡೆ ಇಟ್ಟಾಗ ವೋಲ್ಟೇಜ್ ಸ್ವಲ್ಪ ಇಳಿದರೂ ಅದು ಬ್ಯಾಟರಿಗೆ ಹೋಗಿಬಿಡುತ್ತದೆ. ತೋಟದಲ್ಲಿ ಎಲ್ಲರೂ ಪಂಪ್ ಹಾಕುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ 230 ಎಲ್ಲಿರುತ್ತದೆ! ದಿನವಿಡೀ ಬ್ಯಾಟರಿ ತಿಂದು ರಾತ್ರಿಗೆ ಕೈ ಕೊಡುತ್ತದೆ. ಅದಕ್ಕೇ ಮನೆಯವರು ಸ್ವಿಚ್ಚನ್ನು ಇನ್ವರ್ಟರ್ ಕಡೆ ತಿರುಗಿಸಿಟ್ಟಿರುತ್ತಾರೆ. ಆಗ ಬದಲಾಗುವುದು ನಿಧಾನ, ಕಂಪ್ಯೂಟರ್ ಆಫ್ ಆಗಿಬಿಡಬಹುದು.

ಇನ್ನೊಂದು ವಿಷಯ, ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಅದು ಆಗಿಬರುವುದಿಲ್ಲ. ಸೈನ್ ವೇವ್ ಬೇಕು.

ಅದಕ್ಕಿಂತ 600 ವಿಎ ಯುಪಿಎಸ್ ಒಂದು ಇಟ್ಟುಕೊಳ್ಳಿ. ಅದರಲ್ಲಿ ಕೆಲಸ ಮುಂದುವರಿಸುತ್ತೇನೆ ಅಂದುಕೊಳ್ಳಬೇಡಿ. ಹತ್ತು ನಿಮಿಷ ಸಿಗುತ್ತದೆ, ಫೈಲ್ ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು. ಅದರೊಳಗಿನ ಬ್ಯಾಟರಿ ಎರಡು ಮೂರು ವರ್ಷ ಬರುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಚುಚ್ಚಬೇಡಿ.

ಗುಡುಗುವಾಗ ಸ್ವಿಚ್ ಆಫ್ ಮಾಡಿದರೆ ಸಾಕಾ?

ಸಾಲದು. ಪ್ಲಗ್ ಕಿತ್ತಿಡಿ. ಇಂಟರ್ನೆಟ್‌ನ ಲ್ಯಾನ್ ಕೇಬಲ್ ಕೂಡ ಕಿತ್ತಿಡಿ, ಇದನ್ನು ಎಲ್ಲರೂ ಮರೆಯುತ್ತಾರೆ. ನನ್ನ ಹತ್ತಿರ ಬರುವ ಸಿಡಿಲಿನ ಕೇಸುಗಳಲ್ಲಿ ಲ್ಯಾನ್ ಪೋರ್ಟ್ ಕಪ್ಪಾಗಿ, ಉಳಿದದ್ದೆಲ್ಲ ಹೊಳೆಯುತ್ತಿರುವ ಬೋರ್ಡುಗಳು ಎಷ್ಟೋ. ಮನೆಯೊಳಗೆ ಬರುವ ಲೈನ್ ಫೈಬರ್ ಆಗಿದ್ದರೆ ಆ ದಾರಿಯಲ್ಲಿ ಕರೆಂಟ್ ಬರುವುದಿಲ್ಲ, ಆದರೆ ರೂಟರ್‌ನ ಅಡಾಪ್ಟರ್ ಮೂಲಕ ಬರಬಹುದು.

ಮಳೆಗಾಲದಲ್ಲಿ ಊರಲ್ಲಿರಲಿಲ್ಲ. ಬಂದು ನೋಡಿದರೆ ಸಿಸ್ಟಮ್ ಆನ್ ಆಗ್ತಿಲ್ಲ.

ಆಗುಂಬೆ, ಹುಲಿಕಲ್ ಕಡೆಯವರ ಖಾಯಂ ಪ್ರಶ್ನೆ. ಬಟ್ಟೆಗೆ, ಚಪ್ಪಲಿಗೆ, ಹಪ್ಪಳದ ಡಬ್ಬಿಗೆ ಬೂಸ್ಟು ಹಿಡಿಯುವ ಮನೆಯಲ್ಲಿ ಬೋರ್ಡಿಗೆ ಮಾತ್ರ ತಂಡಿ ಹಿಡಿಯಬಾರದು ಅಂದರೆ ಹೇಗೆ?

ಕೂಡಲೇ ಮತ್ತೆ ಮತ್ತೆ ಆನ್ ಮಾಡಬೇಡಿ. ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಫ್ಯಾನ್ ಕೆಳಗೆ ಒಂದು ದಿನ ಬಿಡಿ. ಆಮೇಲೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ತಾರೀಖು ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್2032, ಬದಲಾಯಿಸಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಒಳಗೆ ಏನಿದೆ ಅಂತಲೂ ಒಮ್ಮೆ ಇಣುಕಿ. ಹೋದ ಮಳೆಗಾಲ ಹೊಸನಗರ ಕಡೆಯ ಒಂದು ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರ್ ಫ್ಯಾನ್ ಕೆಳಗೆ ಅಡಿಕೆ ಸಿಪ್ಪೆಯ ದೂಳು, ಒಲೆ ಹೊಗೆಯ ಜಿಡ್ಡು ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಉಗುರಲ್ಲಿ ಎತ್ತಿದರೆ ಒಂದೇ ಚಪ್ಪಡಿಯಾಗಿ ಬಂತು. ಎಸ್‌ಎಂಪಿಎಸ್ ಒಳಗೆ ಕೆಂಪಿರುವೆ ಮೊಟ್ಟೆ ಇಟ್ಟಿದ್ದವು. ಬೆಚ್ಚಗಿರುವ ಜಾಗ, ಮಳೆ ಬೀಳುವುದಿಲ್ಲ, ಅವಕ್ಕೂ ಇನ್ನೇನು ಬೇಕು! ಹಿಂದೆ ಖಾಲಿ ಇರುವ ಸ್ಲಾಟ್‌ಗಳಿಗೆ ತಗಡಿನ ಮುಚ್ಚಳ ಹಾಕಿಸಿದರೆ ಹಲ್ಲಿ ಕಾಟವಾದರೂ ತಪ್ಪುತ್ತದೆ.

ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ. ಅದರ ಬಿಸಿಯೇ ಅದಕ್ಕೆ ಔಷಧಿ. ಹೊದಿಕೆ ಹಾಕುವುದಿದ್ದರೆ ಬಟ್ಟೆ ಹಾಕಿ. ಪ್ಲಾಸ್ಟಿಕ್ ಕವರ್ ಒಳಗೆ ಬೆವರು ಹಿಡಿಯುತ್ತದೆ.

ಪಾರ್ಟ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದರೆ ಅಗ್ಗ ಅಲ್ವಾ?

ಸ್ವಲ್ಪ ಅಗ್ಗವೇ. ಆದರೆ ಬೋರ್ಡ್ ಕೆಟ್ಟರೆ ಮತ್ತೆ ಅಷ್ಟು ದೂರ ಹೊತ್ತುಕೊಂಡು ಹೋಗುವವರು ಯಾರು? ಎಸ್‌ಎಸ್‌ಡಿ, ರ‍್ಯಾಮ್ ಎಲ್ಲಿಂದ ತಂದರೂ ನಡೆಯುತ್ತದೆ. ಬೋರ್ಡ್, ಎಸ್‌ಎಂಪಿಎಸ್, ಯುಪಿಎಸ್ ಇಲ್ಲೇ ತಗೊಳ್ಳಿ. ಎಲ್ಲಿ ತಗೊಂಡರೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬಿಡಬೇಡಿ.

ಮಗಳು ಡಿಗ್ರಿಗೆ ಸೇರಿದ್ದಾಳೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಬಹುದಾ?

ಧಾರಾಳವಾಗಿ. ಅಗ್ಗದ ಹೊಸ ಪ್ಲಾಸ್ಟಿಕ್ ಲ್ಯಾಪ್‌ಟಾಪ್‌ಗಿಂತ ಅದೇ ದುಡ್ಡಿನ ಹಳೇ ಆಫೀಸ್ ಲ್ಯಾಪ್‌ಟಾಪ್ ಮೇಲು ಅನ್ನುವವನು ನಾನು. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಅಂತ ಬರುತ್ತವಲ್ಲ, ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಮಾರುವಂಥವು. ಕೀಬೋರ್ಡ್ ಗಟ್ಟಿ, ಹಿಂಜ್ ಗಟ್ಟಿ, ಬಿಚ್ಚಲು ಸಲೀಸು, ಪಾರ್ಟ್ ಸಿಗುತ್ತವೆ. ರ‍್ಯಾಮ್ ಕೂಡ ಒಳಗೇ ಬಂದಿರುತ್ತದೆ, ಏರಿದ ಬೆಲೆಗೆ ಬೇರೆ ಕೊಳ್ಳಬೇಕಿಲ್ಲ.

ಯಾವ ಕಾಲದ್ದು ಅಂತ ನೋಡುವುದು ಹೇಗೆ? ಇಂಟೆಲ್ ಆದರೆ ಅಡ್ಡಗೆರೆ ಆದಮೇಲಿನ ಅಂಕಿ ನೋಡಿ. ಐ5-8250ಯು ಅಂದರೆ 8ನೇ ತಲೆಮಾರು, ಐ5-1135ಜಿ7 ಅಂದರೆ 11ನೇದು. ಸುಮ್ನೆ "ಐ7 ಇದೆ" ಅಂದರೆ ಮರುಳಾಗಬೇಡಿ, 4ನೇ ತಲೆಮಾರಿನ ಐ7ಗಿಂತ 11ನೇ ತಲೆಮಾರಿನ ಐ3 ವಾಸಿ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ರೈಝೆನ್ 2000ದ ಸರಣಿ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ಅದಕ್ಕಿಂತ ಹಳೆಯದಕ್ಕೂ ಹೇಗೋ ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ. ಮುಂದೆ ಯಾವುದೋ ಅಪ್‌ಡೇಟ್ ಬಂದು ಕೈ ಕೊಟ್ಟರೆ ಅವರು ಫೋನ್ ಎತ್ತುವುದಿಲ್ಲ. ಹಳೆಯದೇ ಸಿಕ್ಕಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಕಾಸು ಕೊಡಬೇಕಿಲ್ಲ.

ಅಂಗಡಿಯಲ್ಲಿ ಏನೇನು ನೋಡಬೇಕು?

ಅರ್ಧ ಗಂಟೆ ಬಿಡುವು ಮಾಡಿಕೊಂಡು, ಬೆಳಕಿರುವಾಗ ಹೋಗಿ. "ಬೇಗ ನೋಡಿ ಸಾರ್, ಇನ್ನೊಬ್ಬರು ಬರ್ತಿದಾರೆ" ಅಂದರೆ ಇನ್ನೊಬ್ಬರಿಗೇ ಹೋಗಲಿ.

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮುಚ್ಚಿ ನೋಡಿ. ಅಂಚು ಸಮನಾಗಿ ಕೂರದಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ, ಮುಟ್ಟಬೇಡಿ. ಕೆಳಗಿನ ಸ್ಕ್ರೂಗಳು ಸವೆದು ಹೊಳೆಯುತ್ತಿದ್ದರೆ ಅದು ಎಷ್ಟೋ ಕೈ ದಾಟಿ ಬಂದಿದೆ. ಸ್ಕ್ರೂ ಕಿಲುಬು ಹಿಡಿದಿದ್ದರೆ ನೀರು ಕಂಡಿದೆ. ಪರದೆಗೆ ಒಂದು ಸಲ ಪೂರ್ತಿ ಬಿಳಿ, ಒಂದು ಸಲ ಪೂರ್ತಿ ಕಪ್ಪು ಚಿತ್ರ ಹಾಕಿ ನೋಡಿ. ಮೂಲೆಯಲ್ಲಿ ಹಳದಿ ಕಲೆಯೋ ಸತ್ತ ಚುಕ್ಕೆಯೋ ಇದ್ದರೆ ಆಗ ಕಾಣುತ್ತದೆ. ನೋಟ್‌ಪ್ಯಾಡ್ ತೆಗೆದು ಒಂದೊಂದು ಕೀ ಒತ್ತಿ. ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಎಲ್ಲ ಯುಎಸ್‌ಬಿಗೂ ಚುಚ್ಚಿ ನೋಡಿ.

ಬ್ಯಾಟರಿಗೆ ಒಂದು ಸರಳ ಪರೀಕ್ಷೆ ಇದೆ. ಕಮಾಂಡ್ ಪ್ರಾಂಪ್ಟ್ ತೆಗೆದು powercfg /batteryreport ಅಂತ, ಸ್ಲ್ಯಾಶ್‌ಗೆ ಮೊದಲು ಒಂದು ಸ್ಪೇಸ್ ಬಿಟ್ಟು, ಟೈಪ್ ಮಾಡಿ ಎಂಟರ್ ಒತ್ತಿ. ಒಂದು ಫೈಲ್ ಸಿಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 30,000 ಇದ್ದರೆ ಬ್ಯಾಟರಿಯ ನೂರಕ್ಕೆ ಅರವತ್ತು ಪಾಲು ಉಳಿದಿದೆ. ಅದಕ್ಕಿಂತ ಕಮ್ಮಿ ಇದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಮುರಿಸಿಕೊಳ್ಳಿ. ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಎಷ್ಟು ಗಂಟೆ ಓಡಿದೆ, ಆರೋಗ್ಯ ಹೇಗಿದೆ ಎಲ್ಲ ಹೇಳುತ್ತದೆ.

ಇನ್ನು ಯಾರೂ ಮಾಡದ ಕೆಲಸ ಒಂದಿದೆ. ಆನ್ ಮಾಡಿ ಬಯೋಸ್ ಒಳಗೆ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ವಾಪಸ್ ಇಟ್ಟು ಬನ್ನಿ. ಅಲ್ಲಿ ತೋರಿಸುವ ಸೀರಿಯಲ್ ನಂಬರ್, ಕೆಳಗಿನ ಸ್ಟಿಕರಿನ ನಂಬರ್ ಎರಡೂ ಒಂದೇ ಇರಬೇಕು. ಆಮೇಲೆ ನಿಮ್ಮ ಎದುರೇ ವಿಂಡೋಸ್ ರಿಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಮೊದಲಿನಿಂದ ಸೆಟಪ್ ಮಾಡಿ. ಕಂಪನಿಯವರು ತಮ್ಮ ಲೆಕ್ಕದಿಂದ ಅದನ್ನು ತೆಗೆದಿರದಿದ್ದರೆ, ಇಂಟರ್ನೆಟ್ ಸಿಕ್ಕಿದ ಕೂಡಲೇ ಯಾವುದೋ ಕಂಪನಿಯ ಹೆಸರು ಬಂದು ಅವರ ಲಾಗಿನ್ ಕೇಳುತ್ತದೆ. ಹಾಗೆ ಬಂದರೆ ಅದು ಪೂರ್ತಿ ನಿಮ್ಮದಾಗುವುದಿಲ್ಲ. ಮ್ಯಾಕ್‌ಬುಕ್ ಆದರೆ ಹಳೇ ಮಾಲೀಕರ ಆಪಲ್ ಐಡಿ ತೆಗೆಸುವ ತನಕ ದುಡ್ಡು ಕೊಡಬೇಡಿ.

ಬ್ಯಾಕಪ್ ಅಂತ ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟಿದ್ದೇನೆ. ಸಾಕಲ್ವಾ?

ಎಲ್ಲಿಟ್ಟಿದ್ದೀರಿ ಅನ್ನುವುದು ನನ್ನ ಮೊದಲ ಪ್ರಶ್ನೆ. ನನ್ನದೇ ಕಥೆ ಹೇಳುತ್ತೇನೆ. ತಂಗಿ ಮದುವೆ ಫೋಟೋ ಎರಡು ಕಡೆ ಇದ್ದವು. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಅದಕ್ಕೇ ಸದಾ ಚುಚ್ಚಿಟ್ಟ ಡಿಸ್ಕಿನಲ್ಲಿ. ರೋಹಿಣಿ ಮಳೆಯ ಒಂದು ಸಂಜೆ, ನಾನು ಅಂಗಡಿಯಲ್ಲಿ ಬೇರೆಯವರಿಗೆ ಬುದ್ಧಿ ಹೇಳುತ್ತಾ ಕೂತಿದ್ದಾಗ, ಮನೆಗೆ ಸಿಡಿಲಿನ ಹೊಡೆತ ಬಂತು. ಬೋರ್ಡು, ಒಳಗಿನ ಡಿಸ್ಕು, ಹೊರಗಿನ ಡಿಸ್ಕು ಮೂರೂ ಒಟ್ಟಿಗೆ ಹೋದವು. ಅತ್ತೆಯ ಫೋನಿನಲ್ಲಿ ವಾಟ್ಸಾಪ್‌ಗೆ ಬಂದಿದ್ದ ನಲವತ್ತು ಚಿಲ್ಲರೆ ಫೋಟೋ ಉಳಿದಿದ್ದವು. ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಧಾರೆ ಎರೆಯುವ ಅಪ್ಪನ ಮುಖ ಬರೀ ಚೌಕಳಿ.

ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಅನ್ನುವ ಲೆಕ್ಕವೊಂದಿದೆ. ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ನಾನೀಗ ಮಾಡುವುದು ಹೀಗೆ: ಎರಡು ಡಿಸ್ಕ್ ಇವೆ. ಒಂದು ನನ್ನ ಹತ್ತಿರ, ಇನ್ನೊಂದು ಸಾಗರದಲ್ಲಿ ತಂಗಿ ಮನೆಯಲ್ಲಿ. ಯುಗಾದಿಗೆ, ದೀಪಾವಳಿಗೆ ಹೋಗುವಾಗ ಹೊಸ ಪ್ರತಿ ಕೊಟ್ಟು ಹಳೆಯದನ್ನು ತರುತ್ತೇನೆ. ಕಾಪಿ ಮಾಡಿ ಮುಗಿದ ಕೂಡಲೇ ಡಿಸ್ಕ್ ಕಿತ್ತಿಡಬೇಕು. ಚುಚ್ಚಿಯೇ ಇದ್ದರೆ ಸಿಡಿಲೂ ಬರುತ್ತದೆ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ರಾನ್ಸಮ್‌ವೇರ್, ಬಂದರೆ ಅದಕ್ಕೂ ಬೀಗ ಹಾಕಿ ಹೋಗುತ್ತದೆ.

ಇಡುವ ಜಾಗವೂ ಮುಖ್ಯ. ಅಟ್ಟ ಬೇಡ, ಗೋಡೆಗೆ ತಾಗಿದ ಮರದ ಬೀರು ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ನೀಲಿ ಹರಳಿನದಾದರೆ ತೇವ ಕುಡಿದು ಗುಲಾಬಿ ಆಗುತ್ತದೆ, ಆಗ ಬದಲಾಯಿಸಿ. ವರ್ಷಗಟ್ಟಲೆ ಸುಮ್ಮನೆ ಇಡುವುದಕ್ಕೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕ್ ವಾಸಿ. ಕರೆಂಟ್ ಇಲ್ಲದೆ ತುಂಬಾ ಕಾಲ ಬಿದ್ದಿದ್ದರೆ ಎಸ್‌ಎಸ್‌ಡಿ ಮರೆಯಲು ಶುರು ಮಾಡುತ್ತದೆ.

ಗೂಗಲ್‌ನಲ್ಲಿ ಎಲ್ಲ ಇದೆಯಲ್ಲ?

ಪುಕ್ಕಟೆ ಸಿಗುವುದು 15 ಜಿಬಿ. ಜಿಮೇಲ್, ಫೋಟೋ, ಡ್ರೈವ್ ಎಲ್ಲ ಸೇರಿ ಅಷ್ಟೇ, ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಲೆಕ್ಕ. ಪಹಣಿ, ಮಾರ್ಕ್ಸ್ ಕಾರ್ಡ್, ಆಧಾರ್ ಸ್ಕ್ಯಾನ್‌ಗಳನ್ನು ಅಲ್ಲಿಡಿ, ಒಳ್ಳೆಯದೇ. ಆದರೆ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ.

ಸಿಡಿಲಿಗೆ ಬೋರ್ಡ್ ಹೋಯ್ತು, ಡಿಸ್ಕ್ ಚೆನ್ನಾಗಿದೆ. ಬೇರೆ ಸಿಸ್ಟಮ್ಮಿಗೆ ಹಾಕಿದರೆ ಏನೋ ಕೀ ಕೇಳ್ತಿದೆ.

ಅದು ಬಿಟ್‌ಲಾಕರ್, ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಎಷ್ಟೋ ಸಲ ನಿಮ್ಮನ್ನು ಕೇಳದೆಯೇ ಆನ್ ಆಗಿರುತ್ತದೆ. ಕೀ 48 ಅಂಕಿಯದು, ಆ ಅಕೌಂಟಿನಲ್ಲೇ ಸಿಗುತ್ತದೆ. ಯಾರೋ ಅಂಗಡಿಯವರು ತಮ್ಮ ಮೇಲ್ ಐಡಿ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಹತ್ತಿರ ಇರುತ್ತದೆ! ಇವತ್ತೇ ನೋಡಿ, ಪುಸ್ತಕದಲ್ಲಿ ಬರೆದಿಡಿ. ಕೀ ಸಿಗದಿದ್ದರೆ ಆ ಡಿಸ್ಕನ್ನು ತೆರೆಯಲು ನನ್ನಿಂದಲೂ ಆಗುವುದಿಲ್ಲ.

ಹಳೇ ನುಡಿ ಫೈಲ್‌ಗಳು ಹೊಸ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರ ತೋರಿಸುತ್ತಿವೆ.

ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಕನ್ನಡ ಟೈಪ್ ಮಾಡುವ ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಆಗಿನ ಎಷ್ಟೋ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಅವು ತಮ್ಮ ಮೂಲ ರೂಪ ತೋರಿಸುತ್ತವೆ. ಅದೇ ಫಾಂಟ್ ಹಾಕಿಕೊಂಡು ತೆರೆದು, ಯೂನಿಕೋಡ್‌ಗೆ ಪರಿವರ್ತಿಸಿ ಸೇವ್ ಮಾಡಿ. ಒತ್ತಕ್ಷರ, ಅರ್ಕಾವತ್ತು ಆಚೀಚೆ ಆಗಿರಬಹುದು, ಒಮ್ಮೆ ಓದಿ ನೋಡಿ. ಬ್ಯಾಕಪ್ ಮಾಡುವಾಗ ಫಾಂಟ್‌ಗಳನ್ನೂ ಜೊತೆಗೆ ಹಾಕಿ. ಯಕ್ಷಗಾನದ ಪ್ರಸಂಗ, ಮನೆತನದ ವಂಶಾವಳಿ ಎಲ್ಲ ಟೈಪ್ ಮಾಡಿಸಿ ಮರೆತವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ.

ಈ ಕ್ಷಣ ಆಫ್ ಮಾಡಿ. ಇನ್ನೊಂದು ಸಲ ನೋಡೋಣ ಅಂತ ಹಾಕಬೇಡಿ, ಫ್ರೀಜರ್‌ನಲ್ಲಿ ಇಡಬೇಡಿ, ಅದನ್ನು ಬಿಚ್ಚಬೇಡಿ. ಡೇಟಾ ಬೇಕೇ ಬೇಕು ಅಂದರೆ ರಿಕವರಿ ಲ್ಯಾಬಿಗೆ ಕಳಿಸಬೇಕು, ಖರ್ಚು ಜಾಸ್ತಿ. ಎಸ್‌ಎಸ್‌ಡಿಯಿಂದ ಅಳಿಸಿದ ಫೈಲ್ ವಾಪಸ್ ತರುವುದು ಇನ್ನೂ ಕಷ್ಟ, ಅಳಿಸಿದ ಜಾಗವನ್ನು ಅದು ತಾನೇ ಖಾಲಿ ಮಾಡಿಕೊಂಡಿರುತ್ತದೆ.

ಹಳೇ ಕಂಪ್ಯೂಟರ್ ಗುಜರಿಗೆ ಹಾಕಬಹುದಾ?

ಡಿಸ್ಕ್ ಬಿಚ್ಚಿಟ್ಟುಕೊಂಡು ಕೊಡಿ. ನಾಲ್ಕು ಸ್ಕ್ರೂ ಅಷ್ಟೇ. ಫಾರ್ಮ್ಯಾಟ್ ಹೊಡೆದಿದ್ದೇನೆ ಅಂದರೆ ಸಾಲದು, ಕ್ವಿಕ್ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕಿನಿಂದ ಫೋಟೋ ಎತ್ತುವುದು ಅರ್ಧ ದಿನದ ಕೆಲಸ. ಬಿಚ್ಚಲು ಬಾರದಿದ್ದರೆ ತಂದು ಕೊಡಿ, ನಿಮ್ಮೆದುರೇ ಬಿಚ್ಚಿ ಕೈಗೆ ಕೊಡುತ್ತೇನೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಮಾತ್ರ ಕಸದ ಗಾಡಿಗೆ ಹಾಕಬೇಡಿ, ಒತ್ತಿದರೆ ಬೆಂಕಿ ಹತ್ತಿಕೊಳ್ಳುತ್ತದೆ.